ಒಂದು ಬಸ್ಸಿಗೆ ಒಂದು ಹರಿವಾಣ

ನಮ್ಮಣ್ಣ ಬಸ್ ಓಡಿಸುತ್ತಾನೆ. ತುಂಬಿದ ಕೊಡ ಹೊತ್ತವರು ನಡೆದ ಹಾಗೆ ಓಡಿಸುತ್ತಾನೆ. ಅವನ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಮಲಗಿದವರಿಗೆ ತಿರುವು ಬಂದದ್ದೂ ಗೊತ್ತಾಗುವುದಿಲ್ಲ. ತಂಗಿಯಲ್ಲವೇ, ಹೊಗಳುತ್ತಾಳೆ ಎಂದುಕೊಳ್ಳಬೇಡಿ. ಹೊಗಳುವುದು ನನಗೆ ಬರುವ ವಿದ್ಯೆಯಲ್ಲ, ಅವನ ಉಳಿದ ವಿಷಯಗಳಲ್ಲಿ ನನಗೆ ಬೇಕಾದಷ್ಟು ತಕರಾರಿದೆ. ಮದುವೆಯಾಗಲಿಲ್ಲ, ಮಾತುಕತೆಗೆಂದು ಯಾರಾದರೂ ಬರುವ ದಿನವೇ ಅವನಿಗೆ ಡ್ಯೂಟಿ ಬೀಳುತ್ತಿತ್ತು. ಬೀಳುತ್ತಿತ್ತೋ, ಇವನೇ ಬೀಳಿಸಿಕೊಳ್ಳುತ್ತಿದ್ದನೋ ದೇವರೇ ಬಲ್ಲ. ಟೈರ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬನೇ ಇದ್ದಾನೆ. ನಮ್ಮ ಮನೆಗೆ ಬಂದಿರು ಎಂದರೆ ಡಿಪೋ ದೂರವಾಗುತ್ತದೆ ಎನ್ನುತ್ತಾನೆ. ಅವನಿಗೆ ಬೇಕಾಗಿದ್ದದ್ದು ಎರಡೇ, ಕೈಯಲ್ಲಿ ಸ್ಟೀರಿಂಗ್, ಬೆನ್ನ ಹಿಂದೆ ಅವನ ಕಂಡಕ್ಟರ್.

ಡಿಪೋದಲ್ಲಿ ಅಣ್ಣನ ಹೆಸರು 'ಡಬಲ್ ಸೀಟ್'. ಹೊಟ್ಟೆ ಸ್ಟೀರಿಂಗಿಗೆ ತಾಗುತ್ತದೆಂದು ಮೆಕ್ಯಾನಿಕ್ ಅವನ ಸೀಟನ್ನು ಹಿಂದಕ್ಕೆ ಸರಿಸಿ ಬೋಲ್ಟ್ ಬಿಗಿದುಕೊಟ್ಟಿದ್ದ. ಕಂಡಕ್ಟರಿನ ಹೆಸರು 'ಚಿಲ್ಲರೆ'. ಯಾರು ನೋಟು ಚಾಚಿದರೂ "ಚಿಲ್ಲರೆ ಇಲ್ಲ, ಇಳಿಯುವಾಗ ಇಸ್ಕೊಳ್ಳಿ" ಎನ್ನುವ ಆಸಾಮಿ. ಎಷ್ಟು ತಿಂದರೂ ಮೈಗೆ ಹತ್ತದ, ಕಡ್ಡಿಯಂಥ ಮನುಷ್ಯ. ಇವರಿಬ್ಬರ ಜೋಡಿಯನ್ನು ಯಾವ ಅಧಿಕಾರಿಯೂ ಒಡೆದಿರಲಿಲ್ಲ. ಗಂಡ ಹೆಂಡತಿ ಕೂಡ ದಿನಕ್ಕೆ ಅಷ್ಟು ಹೊತ್ತು ಒಬ್ಬರನ್ನೊಬ್ಬರು ಸಹಿಸಿಕೊಳ್ಳುವುದಿಲ್ಲ.

ಇವರ ರೂಟಿನ ಅರ್ಧದಾರಿಯಲ್ಲಿ ಒಂದು ಊಟದ ಹೋಟೆಲ್ ಇದೆ. ಬಸ್ಸು ತಂದು ನಿಲ್ಲಿಸಿದ್ದಕ್ಕೆ ಡ್ರೈವರ್ ಕಂಡಕ್ಟರಿಗೆ ಪುಕ್ಕಟೆ ಊಟ ಹಾಕುವುದು ಎಲ್ಲ ಕಡೆಯೂ ಇರುವ ರೂಢಿ. ಆದರೆ ಈ ಹೋಟೆಲಿನ ಯಜಮಾನನದು ತನ್ನದೇ ಪದ್ಧತಿ. ಅಡುಗೆಮನೆಯ ಹಿಂದೆ ಬಸ್ಸಿನವರಿಗೆಂದೇ ಒಂದು ಕೋಣೆ, ಅಲ್ಲಿ ಒಂದು ಬಸ್ಸಿಗೆ ಒಂದು ಹರಿವಾಣ. ಮೊರದಷ್ಟು ಅಗಲದ ಆ ತಟ್ಟೆಯ ಆ ಕಡೆ ಡ್ರೈವರ್, ಈ ಕಡೆ ಕಂಡಕ್ಟರ್. ನಡುವೆ ಅನ್ನದ ಗುಡ್ಡೆ, ಸುತ್ತ ಕರಿದ ಮೀನು, ಆಲೂಗಡ್ಡೆ, ಸೌತೆಕಾಯಿ, ಅಂಚಿನಲ್ಲಿ ಸಿಹಿ. ಯಜಮಾನ ತಾನೇ ನಿಂತು ಬಡಿಸುತ್ತಿದ್ದ, ಸಾಕು ಎಂದರೆ ಅವನಿಗೆ ಕಿವಿ ಕೇಳುತ್ತಿರಲಿಲ್ಲ. "ಒಂದೇ ತಟ್ಟೇಲಿ ಉಣ್ಣದೋರು ಒಂದೇ ಬಸ್ಸಲ್ಲಿ ಹೆಂಗ್ರೀ ಹೋಗ್ತಾರೆ?" ಎಂಬುದು ಅವನ ಸಿದ್ಧಾಂತ. ಪಾತ್ರೆ ತೊಳೆಯುವುದು ಕಡಿಮೆಯಾಗಲಿ ಎಂಬುದೇ ನಿಜವಾದ ಕಾರಣ ಅಂತ ನನ್ನ ಊಹೆ.

ಏನೇ ಇರಲಿ, ಅಣ್ಣನಿಗೆ ಸಂಸಾರ ಅಂತ ಇದ್ದದ್ದು ಆ ಹರಿವಾಣದ ಮುಂದೆ. ಮೀನಿನ ತಲೆ ಇವನಿಗೆ, ಬಾಲ ಅವನಿಗೆ. ಬೆಳಗಿನಿಂದ ಹತ್ತಿದ ಪ್ರಯಾಣಿಕರ ಅಣಕು, ಜಗಳ, ಚಿಲ್ಲರೆಯ ಮಕ್ಕಳ ಶಾಲೆಯ ಕಥೆ, ಎಲ್ಲವೂ ಅಲ್ಲಿ. ದಾರಿಯಲ್ಲಿ ಇಂಜಿನ್ ಸದ್ದಿನಲ್ಲಿ ಇವರಿಗೆ ಮಾತಾಡಲಾಗುವುದಿಲ್ಲ; ಸಂಜೆ ಡಿಪೋ ಸೇರಿದ ಮೇಲೆ ಅವನು ಹೆಂಡತಿ ಮಕ್ಕಳಿರುವ ಮನೆಗೆ, ಇವನು ಟೈರ್ ಅಂಗಡಿಯ ಮೇಲಕ್ಕೆ. ದಿನದ ಮಾತೆಲ್ಲ ಮುಗಿಯಬೇಕಾದದ್ದು ಊಟದ ಹೊತ್ತಿನಲ್ಲೇ.

ಹೀಗಿರುವಾಗ ಡಿಪೋದ ವಾರ್ಷಿಕ ತಪಾಸಣೆಯಲ್ಲಿ ಅಣ್ಣನ ಸಕ್ಕರೆ ಕಾಯಿಲೆ ಹೊರಬಿತ್ತು. ಸ್ವಲ್ಪ ಅಲ್ಲ, ಕಾಗದ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರಂತೆ. ನನಗೇನೂ ಆಶ್ಚರ್ಯವಾಗಲಿಲ್ಲ. ತನಗೆ ಬಾಯಾರಿಕೆಯಾಗುತ್ತದೆ, ಕಣ್ಣು ಮಂಜಾಗುತ್ತದೆ ಎಂದು ಗೊತ್ತಿದ್ದೂ ಸುಮ್ಮನಿದ್ದ ಮಹಾನುಭಾವ. ನೀರು ಕುಡಿದರೆ ಬಸ್ ನಿಲ್ಲಿಸಬೇಕಾಗುತ್ತದೆಂದು ಬಾಯಾರಿಕೆಯನ್ನು ನುಂಗಿಕೊಂಡೇ ಓಡಿಸುತ್ತಿದ್ದ. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

"ನೋಡಿ, ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆ ಒಂದ್ರಿಂದ ಆಗಲ್ಲ. ತೂಕ ಇಳೀಬೇಕು, ಊಟ ಬದಲಾಗ್ಬೇಕು. ಆರು ತಿಂಗಳು ಟೈಮ್ ಇದೆ. ಅಷ್ಟರೊಳಗೆ ಇಳೀಲಿಲ್ಲ ಅಂದ್ರೆ ನಾನು ಫಿಟ್ ಅಂತ ಬರೆಯೋಕಾಗಲ್ಲ. ಬಸ್ ಬಿಟ್ಟು ಶೆಡ್ಡಿನ ಕೆಲಸಕ್ಕೆ ಹೋಗ್ಬೇಕಾಗುತ್ತೆ."

ಶೆಡ್ಡಿನ ಕೆಲಸ ಎಂದರೆ ಬಂದ ಬಸ್ಸುಗಳನ್ನು ತೊಳೆಸುವುದು, ಹೋಗುವ ಬಸ್ಸುಗಳನ್ನು ನೋಡುವುದು. ಅಣ್ಣ ಆ ದಿನ ಸೀದಾ ನನ್ನ ಜೆರಾಕ್ಸ್ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಮುಖ ಸಪ್ಪಗಾಗಿತ್ತು. "ಸ್ಟೀರಿಂಗ್ ಹೋದ್ರೆ ನಾನು ಏನು ಮಾಡ್ಲಿ ಪುಟ್ಟಿ?" ಎಂದ. ಅವನನ್ನು ಅಷ್ಟು ಹೆದರಿದವನಾಗಿ ನಾನು ಯಾವತ್ತೂ ನೋಡಿರಲಿಲ್ಲ.

ಮೊದಮೊದಲು, ಯಾಕೆಂದು ಚಿಲ್ಲರೆಗೂ ಹೇಳದೆ, ಡಬ್ಬಿ ಕಟ್ಟಿಕೊಂಡು ಹೋಟೆಲಿನ ಆ ಕೋಣೆಗೇ ಹೋದ. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಕಾಳೋ ಮೊಟ್ಟೆಯೋ ಮೀನೋ, ಉಳಿದ ಕಾಲು ಭಾಗ ಮಾತ್ರ ಅನ್ನ ಎಂದು ಡಾಕ್ಟರಮ್ಮ ಗೆರೆ ಎಳೆದು ತೋರಿಸಿದ್ದರು. ಡಬ್ಬಿಯಲ್ಲಿ ಎಲ್ಲ ಲೆಕ್ಕದಂತೆಯೇ ಇತ್ತು. ಆದರೆ ಹರಿವಾಣ ಎದುರಿಗೆ ಬಂತೆಂದರೆ ಕೈ ತಾನಾಗಿಯೇ ಅತ್ತ ಹೋಗುತ್ತಿತ್ತು. ಡಬ್ಬಿಯೂ ಖಾಲಿ, ಹರಿವಾಣವೂ ಖಾಲಿ. ಸಕ್ಕರೆ ಮೊದಲಿಗಿಂತ ಏರಿತು.

ಆಗ ಇವನೊಂದು ಉಪಾಯ ಹೂಡಿದ. ಬಸ್ಸಿನವರಿಗಲ್ಲದೆ ಭೂಮಿಯ ಮೇಲೆ ಇನ್ನಾರಿಗೂ ಹೊಳೆಯದ ಉಪಾಯ. ನಾವು ನೀವಾದರೆ ಹೋಟೆಲಿಗೆ ಹೋಗುವುದಿಲ್ಲ, ಅಷ್ಟೆ. ಇವನು ಹೋಟೆಲಿನ ಮುಂದೆ ಬಸ್ಸನ್ನೇ ನಿಲ್ಲಿಸಲಿಲ್ಲ! ದೂರದಿಂದ ಬೋರ್ಡು ಕಂಡಿತು, ಒಲೆಯ ಹೊಗೆ ಕಂಡಿತು, ಬಾಯಲ್ಲಿ ನೀರೂರಿತು. ಇವನು ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತಿದ. ಬಸ್ಸು ತುಂಬ ಜನ, ಅವರ ಮಕ್ಕಳು ಮರಿ ಎಲ್ಲರೂ ಇವನ ಪಥ್ಯಕ್ಕೆ ಉಪವಾಸ. ಕೂಗಾಟವೆದ್ದಿತು. ಬೈಗುಳ ಕೇಳುವವನು ಯಾರು? ಡ್ರೈವರ್ ಬೆನ್ನು ಹಾಕಿ ಕೂತಿರುತ್ತಾನೆ, ಜನರ ಕೈಗೆ ಸಿಗುವವನು ಕಂಡಕ್ಟರ್. ಚಿಲ್ಲರೆಯ ಕಾಲರ್ ಹಿಡಿಯುವುದೊಂದು ಬಾಕಿ. ಅವನು ಮುಂದೆ ಬಂದು "ಹೋಟೆಲ್ ಹಿಂದಾಯ್ತಲ್ಲೋ, ಏನಾಯ್ತೋ ನಿಂಗೆ?" ಎಂದರೆ ಅಣ್ಣ ರಸ್ತೆಯನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ನಡುವಿನ ಸೀಟಿನ ಒಬ್ಬ ಮುದುಕರು ಬೆವರತೊಡಗಿದರು. ಕೈ ನಡುಗಿತು, ಮಾತು ತೊದಲಿತು. ಪಕ್ಕದಲ್ಲಿದ್ದ ಮಗಳು, "ಅಪ್ಪನಿಗೆ ಶುಗರ್ ಇದೆ, ಇಂಜೆಕ್ಷನ್ ತಗೊಂಡಿದಾರೆ, ಊಟದ ಹೊತ್ತು ತಪ್ಪಿದ್ರೆ ಹಿಂಗಾಗುತ್ತೆ" ಎಂದು ಅಳತೊಡಗಿದಳು. ಚಿಲ್ಲರೆ ಬ್ಯಾಗಿನಿಂದ ಪೆಪ್ಪರ್‌ಮಿಂಟ್ ಕಿತ್ತು ಅವರ ಬಾಯಿಗೆ ಹಾಕಿದ, ಯಾರದೋ ಬಾಟಲಿಯ ಸಿಹಿ ಶರಬತ್ತು ಕುಡಿಸಿದ. ಮುದುಕರು ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡರು. ಅಣ್ಣ ರಸ್ತೆ ಪಕ್ಕಕ್ಕೆ ಬಸ್ ಹಾಕಿ, ಇಳಿದು ಬಂದು, ಅವರ ಕಾಲು ಮುಟ್ಟುವುದೊಂದು ಬಿಟ್ಟು ಉಳಿದೆಲ್ಲ ರೀತಿಯಲ್ಲೂ ಕ್ಷಮೆ ಕೇಳಿದ. ಅವನಿಗಿದ್ದ ಕಾಯಿಲೆಯೇ ಅವರಿಗೂ ಇತ್ತು. ನನ್ನ ಹೊಟ್ಟೆ ಕಟ್ಟಲು ಹೋಗಿ ಇನ್ನೊಬ್ಬರ ಪ್ರಾಣ ತೆಗೆಯುತ್ತಿದ್ದೆನಲ್ಲ ಎಂದು ಅವನು ತಿಂಗಳುಗಟ್ಟಲೆ ಕೊರಗಿದ.

ಡಿಪೋಗೆ ದೂರು ಹೋಯಿತು. ಮೇಲಿನವರು ಇಬ್ಬರನ್ನೂ ನಿಲ್ಲಿಸಿ ಝಾಡಿಸಿದರು. ಚಿಲ್ಲರೆ ಇಂಜಿನ್ ತೊಂದರೆಯಿತ್ತು ಎಂದು ಸುಳ್ಳು ಹೇಳಿ ಗೆಳೆಯನನ್ನು ಕಾಪಾಡಿದ. ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದನಂತೆ: "ನಂಗೆ ಮೊದ್ಲೇ ಹೇಳೋಕೆ ಏನಾಗಿತ್ತೋ?" ಅಣ್ಣ ಆಗ ಎಲ್ಲ ಹೇಳಿದ. "ಟೆಸ್ಟ್ ಆಗೋವರೆಗೂ ತಾಳ್ಕೋ. ನಾನು ಬಸ್ಸಲ್ಲೇ ಕೂತು ತಿಂತೀನಿ. ಪಾಸಾಗ್ಲಿ, ಆಮೇಲೆ ಮೊದಲಿನ ಥರ ಹರಿವಾಣ."

ಅಣ್ಣ ಅದನ್ನು ಸುಳ್ಳೆಂದು ತಿಳಿದು ಹೇಳಲಿಲ್ಲ. ಅವನ ತಲೆಯಲ್ಲಿ ಪಥ್ಯವೆಂದರೆ ರಸ್ತೆ ರಿಪೇರಿಯಾಗುವಾಗ ಹಾಕುವ ಡೈವರ್ಷನ್. ಒಂದಷ್ಟು ದೂರ ಮಣ್ಣಿನ ದಾರಿ, ಧೂಳು, ಕುಲುಕಾಟ. ಆಮೇಲೆ ಮತ್ತೆ ಟಾರು ರಸ್ತೆಗೆ ಹತ್ತುವುದು ಇದ್ದೇ ಇದೆ.

ಆ ಆರು ತಿಂಗಳು ಅವನು ಪಟ್ಟ ಪಾಡು ನನಗೆ ಗೊತ್ತು. ಗಂಜಿ ಕಾಯಿಸಲೂ ಬಾರದವನು ಬೀನ್ಸ್ ಹೆಚ್ಚುವುದನ್ನು ಕಲಿತ. ಟೀಗೆ ಸಕ್ಕರೆ ನಿಲ್ಲಿಸಿದ, ಬಿಸ್ಕತ್ತಿನ ಡಬ್ಬವನ್ನು ಕೆಳಗಿನ ಟೈರ್ ಅಂಗಡಿಯವರಿಗೆ ಕೊಟ್ಟುಬಿಟ್ಟ. ಸಂಜೆ ಡಿಪೋದ ಅಂಗಳದಲ್ಲಿ ನಿಂತ ಬಸ್ಸುಗಳನ್ನು ಸುತ್ತು ಹಾಕಿ ನಡೆದ. ನೆಂಟರ ಮನೆಗೆ ಹೋಗುವುದನ್ನೂ ಬಿಟ್ಟ. ಹೋದರೆ, "ಒಂದೇ ಒಂದು ತಿನ್ನು, ಒಂದರಿಂದ ಏನಾಗಲ್ಲ" ಎಂದು ಬಾಯಿಗೆ ತುರುಕುವವರೇ. ಸಕ್ಕರೆ ಇರುವವನ ಮುಂದೆ ಊರೆಲ್ಲ ಡಾಕ್ಟರು. ಆ ಒಂದರ ಫಲ ಉಣ್ಣುವಾಗ ಮಾತ್ರ ಒಬ್ಬರೂ ಪಕ್ಕದಲ್ಲಿರುವುದಿಲ್ಲ. ನನಗೆ ಈಗಲೂ ಅವರನ್ನೆಲ್ಲ ನೆನೆದರೆ ಮೈ ಉರಿಯುತ್ತದೆ.

ಒಮ್ಮೆ ನಾದಿನಿಯ ಮನೆಗೆ ಹೊರಟಾಗ ಅಣ್ಣನ ಬಸ್ಸಿಗೇ ಹತ್ತಿದೆ. ಹೋಟೆಲ್ ಬಂತು. ಜನರೆಲ್ಲ ದಡಬಡ ಇಳಿದರು. ಚಿಲ್ಲರೆ ಬಾಗಿಲಲ್ಲಿ ನಿಂತು, "ಬರಲ್ವೇನೋ? ಸುಮ್ನೆ ಕೂತ್ಕೋ ಬಾ" ಎಂದ. ಅಣ್ಣ ಅಡ್ಡಡ್ಡ ತಲೆಯಾಡಿಸಿದ. ಚಿಲ್ಲರೆ ಒಂದು ಗಳಿಗೆ ನಿಂತಿದ್ದು ಹೋದ. ಖಾಲಿ ಬಸ್ಸು. ಇಂಜಿನ್ ಆರಿದ ಮೇಲೆ ಬರುವ ಟಕ್ ಟಕ್ ಸದ್ದು. ಅಣ್ಣ ಸ್ಟೀರಿಂಗಿನ ಮೇಲೆ ಟವೆಲ್ ಹಾಸಿ, ಡಬ್ಬಿ ತೆರೆದು, ಬೇಯಿಸಿದ ಬೀನ್ಸ್, ಮೊಟ್ಟೆ, ಹಿಡಿಯಷ್ಟು ಅನ್ನ ತಿನ್ನುತ್ತಿದ್ದ. ಒಂದೊಂದೇ ಬೀನ್ಸ್ ಎತ್ತಿ ಅಗಿಯುತ್ತಿದ್ದ, ಬೇಗ ಮುಗಿದುಬಿಟ್ಟರೆ ಉಳಿದ ಹೊತ್ತು ಏನು ಮಾಡುವುದು ಎಂಬಂತೆ. ಹೋಟೆಲಿನ ಹಿಂದಿನ ಕೋಣೆಯ ಕಿಟಕಿಯಿಂದ ನಗು ಕೇಳಿಸುತ್ತಿತ್ತು. ಅವನು ಅತ್ತ ನೋಡಲಿಲ್ಲ.

"ಒಳಗೆ ಹೋಗಿ ಮಾತಾಡ್ತಾ ಕೂತ್ಕೊಂಡ್ರೆ ಆಗಲ್ವಾ ಅಣ್ಣ?" ಎಂದೆ.

"ನೀನು ಆ ಹರಿವಾಣ ನೋಡಿಲ್ಲ," ಎಂದ. "ನಂಗೆ ಒಂದು ತುತ್ತು ಅನ್ನೋದು ಗೊತ್ತಿಲ್ಲ ಪುಟ್ಟಿ. ಶುರು ಮಾಡಿದ್ರೆ ತಳ ಕಾಣ್ಬೇಕು. ನನ್ನನ್ನ ನಾನೇ ನಂಬಲ್ಲ."

ನಾನು ಅವನ ಪಕ್ಕ ಇಂಜಿನ್ ಮೇಲಿನ ಸೀಟಿನಲ್ಲಿ ಕೂತು ನನ್ನ ಬುತ್ತಿ ಬಿಚ್ಚಿದೆ. ಅಣ್ಣನ ಮುಖ ಅರಳಿಬಿಟ್ಟಿತು. ಒಬ್ಬ ಗಂಡಸು, ಎದುರಿಗೆ ಕೂತು ತಿನ್ನಲು ಒಂದು ಜೀವ ಸಿಕ್ಕಿತೆಂದು ಅಷ್ಟು ಸಂತೋಷಪಡಬಾರದು.

ಚಿಲ್ಲರೆಯ ಪಾಡೂ ಏನೂ ಚೆನ್ನಾಗಿರಲಿಲ್ಲ. ಒಬ್ಬನಿಗೆ ಹರಿವಾಣ ಇಡುವ ಪದ್ಧತಿ ಅಲ್ಲಿಲ್ಲ. ಯಜಮಾನ ಅವನನ್ನು ಇನ್ನಾವುದೋ ಬಸ್ಸಿನವರ ಹರಿವಾಣಕ್ಕೆ ಮೂರನೆಯವನಾಗಿ ಕೂರಿಸುತ್ತಿದ್ದ. ಅವರಿಬ್ಬರ ಮಾತು ಅವರದು, ಇವನು ನಡುವೆ ಕೈ ಹಾಕಿ ಉಣ್ಣಬೇಕು. ಆದರೂ ಟೆಸ್ಟ್ ಮುಗಿಯಲಿ ಎಂದು ಅವನು ದಿನ ಎಣಿಸುತ್ತಿದ್ದ.

ಅಣ್ಣನ ಪ್ಯಾಂಟುಗಳೆಲ್ಲ ಸಡಿಲವಾದವು. ಮೆಕ್ಯಾನಿಕ್ ಬಂದು ಸೀಟನ್ನು ಮುಂದಕ್ಕೆ ಎಳೆದು ಮತ್ತೆ ಬೋಲ್ಟ್ ಬಿಗಿದ. ಗಡುವಿನ ದಿನ ಬಂತು. ರಕ್ತ ಕೊಟ್ಟ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಂತೆ, ಹಿಂದಿನ ದಿನ ಉಪವಾಸವಿದ್ದು ಮೋಸ ಮಾಡುವ ಹಾಗಿಲ್ಲ. ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರಮ್ಮ ಕಾಗದ ನೋಡಿದರು, ಈ ಸಲ ಕನ್ನಡಕ ಒರೆಸಲಿಲ್ಲ, ನಕ್ಕರು. "ನನ್ನ ಹತ್ರ ಬರೋರಲ್ಲಿ ಹೇಳಿದ್ದು ಮಾಡಿದೋರು ನೀವೊಬ್ರೇ ಇರ್ಬೇಕು. ಫಿಟ್. ಆರಾಮಾಗಿ ಓಡಿಸಿ."

ಅಣ್ಣ ಕುರ್ಚಿಯ ತುದಿಗೆ ಬಂದ. "ಹಂಗಾದ್ರೆ ಡಾಕ್ಟ್ರೇ, ಇನ್ಮೇಲೆ ಮೊದಲಿನ ಥರ ಊಟ ಮಾಡಬಹುದಲ್ವಾ?"

"ಮೊದಲಿನ ಥರ ಊಟ ಮಾಡಿದ್ರೆ ಮೊದಲಿನ ಥರಾನೇ ಏರುತ್ತೆ. ಇದೇ ಊಟ ಮುಂದುವರಿಸಿ. ಮುಂದಿನ ವರ್ಷ ಮತ್ತೆ ನೋಡೋಣ."

"ಎಲ್ಲಿವರೆಗೂ?"

ಡಾಕ್ಟರಮ್ಮನಿಗೆ ಪ್ರಶ್ನೆ ಅರ್ಥವಾಗಲಿಲ್ಲವೇನೋ. "ಯಾವಾಗ್ಲೂ," ಎಂದರು. ಫಿಟ್ ಎಂದು ಬರೆದ ಕಾಗದವನ್ನು ಕೈಯಲ್ಲಿ ಹಿಡಿದು ಅಣ್ಣ, ಫೇಲಾದವನ ಹಾಗೆ ಹೊರಗೆ ಬಂದ.

ಮರುದಿನ ಚಿಲ್ಲರೆ ಬೆಳಿಗ್ಗೆಯೇ ಹೋಟೆಲಿಗೆ ಫೋನ್ ಮಾಡಿ ಹೇಳಿಟ್ಟಿದ್ದ. ಬಸ್ಸು ನಿಂತ ಕೂಡಲೇ ಅಣ್ಣನ ರಟ್ಟೆ ಹಿಡಿದು ಇಳಿಸಿಕೊಂಡು ಹೋದ. ಕೋಣೆಯಲ್ಲಿ ಇದ್ದಬದ್ದ ಬಸ್ಸಿನವರೆಲ್ಲ "ಬಂದ ನಮ್ಮ ಡಬಲ್ ಸೀಟ್! ಅರ್ಧ ಸೀಟ್ ಆಗ್ಬಿಟ್ಟಿದಾನಲ್ಲೋ!" ಎಂದು ಗದ್ದಲವೆಬ್ಬಿಸಿದರು. ಯಜಮಾನ ತಾನೇ ಹರಿವಾಣ ಹೊತ್ತು ತಂದ. ಅನ್ನ, ದೊಡ್ಡ ಮೀನು, ಎಲ್ಲ ಎರಡರಷ್ಟು. ಚಿಲ್ಲರೆ ಮೀನಿನ ತಲೆಯನ್ನು ಮುರಿದು ಅಣ್ಣನ ಕಡೆಗೆ ಇಟ್ಟ.

ಅಣ್ಣ ಅಲ್ಲಿ ಕೂತೇ ಹೇಳಿದ. ಪಾಸಾಗಿದೀನಿ, ಆದ್ರೆ ಇದು ಮುಗಿಯೋ ಪಥ್ಯ ಅಲ್ವಂತೆ, ಬದುಕಿರೋವರೆಗೂ ಹಿಂಗೇ ಅಂತೆ.

"ಇವತ್ತೊಂದಿನ ತಿನ್ನೋ," ಎಂದ ಚಿಲ್ಲರೆ.

"ಇವತ್ತು ತಿಂದ್ರೆ ನಾಳೆ ಡಬ್ಬಿ ಹಿಡ್ಕೊಂಡು ಬಸ್ಸಲ್ಲಿ ಕೂರೋಕಾಗಲ್ಲ ಕಣೋ. ನಾಳೆನೂ ಇಲ್ಲಿಗೇ ಬರ್ತೀನಿ. ಆಮೇಲೆ ಶೆಡ್ಡೇ ಗತಿ."

ಚಿಲ್ಲರೆ ಊಟಕ್ಕೆ ಕೈ ಹಚ್ಚಿದ. ಸುತ್ತಲಿನವರು ತಮಾಷೆ ಮಾಡುತ್ತಲೇ ಇದ್ದರು, ಅವನು ತಲೆಯೆತ್ತಲಿಲ್ಲ. ತನ್ನ ಕಡೆಯ ಅನ್ನವನ್ನು ಹರಿವಾಣದ ಸರಿಯಾಗಿ ನಡುವಿನವರೆಗೆ ಉಂಡ. ಅಲ್ಲಿಂದಾಚೆಗೆ ಒಂದಗುಳೂ ಮುಟ್ಟಲಿಲ್ಲ. ಆ ಕಡೆಯ ಅರ್ಧ ಹಾಗೆಯೇ ಇತ್ತು, ಅನ್ನ, ಆಲೂಗಡ್ಡೆ, ಮೀನಿನ ತಲೆ. ಅಣ್ಣ ಎದುರಿಗೆ ಕೂತು ಎರಡು ಹೋಳು ಸೌತೆಕಾಯಿ ತಿಂದ. ಯಜಮಾನ ಬಂದು ನೋಡಿದವನು, ಅವತ್ತು ಮಾತ್ರ ಒತ್ತಾಯ ಮಾಡದೆ ಹರಿವಾಣ ಎತ್ತಿಕೊಂಡು ಹೋದನಂತೆ.

ಸ್ವಲ್ಪ ದಿನಕ್ಕೆ ಚಿಲ್ಲರೆ ಡ್ಯೂಟಿ ಬದಲಾಯಿಸಿಕೊಂಡ. ಅದೇ ರೂಟು, ಬೇರೆ ಡ್ರೈವರ್. ನನಗೆ ಸಿಟ್ಟು ತಡೆಯಲಿಲ್ಲ. ಅಂಗಡಿಯ ಮುಂದೆ ಹಾದುಹೋಗುತ್ತಿದ್ದವನನ್ನು ಕೂಗಿ ನಿಲ್ಲಿಸಿದೆ. "ಪುಕ್ಕಟೆ ಅನ್ನಕ್ಕೋಸ್ಕರ ಇಷ್ಟು ವರ್ಷದ ಸ್ನೇಹ ಬಿಟ್ರಾ? ನಾಚಿಕೆ ಆಗಲ್ವಾ?"

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ. "ಅನ್ನಕ್ಕಲ್ಲ ತಂಗೀ. ನಾನು ಒಳಗೆ ಉಣ್ತಿದ್ರೆ ಅವನು ಹೊರಗೆ ಒಬ್ನೇ ಕೂತಿರ್ತಾನೆ ಅಂತ ಪ್ರತಿ ತುತ್ತಿಗೂ ನೆನಪಾಗುತ್ತೆ. ಉಣ್ಣದೆ ಬಸ್ಸಲ್ಲಿ ಅವನ ಜೊತೆ ಕೂತ್ರೆ, ನನ್ನಿಂದ ನೀನು ಉಪವಾಸ ಅಂತ ಅವನು ಕಣ್ಣಲ್ಲಿ ನೀರು ಹಾಕ್ತಾನೆ. ಅದನ್ನೂ ಮಾಡಿ ನೋಡ್ದೆ. ಏನು ಮಾಡಿದ್ರೂ ಇಬ್ರಿಗೂ ಸಂಕಟಾನೇ. ಅವನು ಸ್ಟೀರಿಂಗ್ ಬಿಡಬಾರ್ದಲ್ವಾ? ಅದಕ್ಕೇ ನಾನೇ ಇಳಿದೆ."

ಒಂದು ಲೋಟ ನೀರು ಕೊಟ್ಟು ಕಳಿಸಿದೆ.

ಈಗ ಅಣ್ಣನಿಗೆ ಹೊಸ ಕಂಡಕ್ಟರ್. ಒಳ್ಳೆಯವನೇ, ಸೀಟಿ ಸರಿಯಾಗಿ ಊದುತ್ತಾನೆ, ಚಿಲ್ಲರೆಯನ್ನೂ ಸರಿಯಾಗಿ ಕೊಡುತ್ತಾನೆ. ಹೋಟೆಲ್ ಬಂದಾಗ ಹಿಂತಿರುಗಿ ನೋಡದೆ ಇಳಿದು ಹೋಗುತ್ತಾನೆ. ಅಣ್ಣನ ಸಕ್ಕರೆ ಹತೋಟಿಯಲ್ಲಿದೆ, ಕಣ್ಣಿನ ಮಂಜೂ ಕಡಿಮೆಯಾಗಿದೆ. ಆ ಹೊತ್ತಿಗೆ ನಾನು ಫೋನ್ ಮಾಡುತ್ತೇನೆ. ಅವನು ಸೌತೆಕಾಯಿ ಅಗಿಯುವ ಸದ್ದು ಕೇಳಿಸುತ್ತದೆ. ನಮಗೆ ಹೆಚ್ಚು ಮಾತಿರುವುದಿಲ್ಲ. ಅವನಿಗೆ ಜೆರಾಕ್ಸ್ ಅಂಗಡಿಯ ಸುದ್ದಿ ಎಷ್ಟು ಬೇಕು, ನನಗೆ ಗೇರ್ ಬಾಕ್ಸಿನದು ಎಷ್ಟು ಬೇಕು?

ಮೊನ್ನೆ ಫೋನ್ ಎತ್ತಿದವನೇ, "ಅವನ ಬಸ್ಸೂ ಇಲ್ಲೇ ನಿಂತಿತ್ತು," ಎಂದ.

"ಮಾತಾಡಿದ್ರಾ?"

"ಹ್ಞೂಂ. ನನ್ನ ಕಿಟಕಿ ಕೆಳಗೆ ಬಂದು ನಿಂತ. ಊಟ ಆಯ್ತಾ ಅಂದ, ಆಯ್ತು ಅಂದೆ. ನಿಂದು ಅಂದೆ, ಆಯ್ತು ಅಂದ. ತುಂಬಾ ಇಳಿದ್ಬಿಟ್ಟೆ, ದೂರದಿಂದ ನೋಡಿ ಬೇರೆ ಯಾರೋ ಡ್ರೈವರ್ ಅನ್ಕೊಂಡೆ ಅಂದ. ಇನ್ನೇನೋ ಹೇಳೋಕೆ ಬಾಯಿ ತೆಗ್ದ. ಅಷ್ಟರಲ್ಲಿ ಅವನ ಡ್ರೈವರ್ ಹಾರ್ನ್ ಹೊಡ್ದ. ಒಂದೇ ಸಲ. ಅರ್ಧಕ್ಕೆ ಬಿಟ್ಟು ಓಡಿಬಿಟ್ಟ ಕಣೆ."

"ಓಡದೆ ಇನ್ನೇನು ಮಾಡ್ತಾರೆ, ಬಸ್ ಹೊರಟಿತ್ತಲ್ಲ," ಎಂದೆ.

ಅವನು ಡಬ್ಬಿ ಮುಚ್ಚಿದ ಸದ್ದು ಕೇಳಿಸಿತು.

"ನನ್ನ ಜೊತೆ ಇದ್ದಾಗ ಅವನು ಒಂದಿನಾನೂ ಓಡಿದೋನಲ್ಲ ಪುಟ್ಟಿ. ನಾನು ಹಾರ್ನ್ ಹೊಡ್ದೂ ಹೊಡ್ದೂ ಸುಸ್ತಾಗ್ಬೇಕು, ಜನ ಎಲ್ಲ ಬೈಬೇಕು, ಇವನು ಹಲ್ಲಿಗೆ ಕಡ್ಡಿ ಹಾಕ್ಕೊಂಡು ಮದುವೆ ಗಂಡಿನ ಥರ ನಿಧಾನಕ್ಕೆ ಬರೋನು. ನಾನು ಬಿಟ್ಟು ಹೋಗಲ್ಲ ಅಂತ ಅವನಿಗೆ ಗೊತ್ತಿತ್ತು."

ಊಟ ಆಯ್ತಾ ಎಂದು ನಾನೂ ಕೇಳಿದೆ. ಆಯ್ತು ಎಂದ.